ಅಂಟಿಸಿದ ಅಪ್ಪ

ಅಕ್ಕನ ಮಗಳು ನನ್ನನ್ನು ಗೋಂದುಮಾಮ ಎಂದೇ ಕರೆಯುವುದು. ಈಗ ಅವಳ ತಲೆಯಲ್ಲೂ ನಾಲ್ಕು ಬಿಳಿ ಕೂದಲು ಬಂದಿವೆ, ಆದರೂ ಆ ಹೆಸರು ಬಿಟ್ಟಿಲ್ಲ. ಸುಳ್ಳೇನಲ್ಲ. ಕಂಪ್ಯೂಟರು ಬರುವ ಮೊದಲು, ಫೋಟೋದಲ್ಲಿ ಇಲ್ಲದವರನ್ನು ತಂದು ನಿಲ್ಲಿಸಬೇಕೆಂದರೆ ಗೋಂದೇ ಗತಿ. ಬೇರೊಂದು ಫೋಟೋದಿಂದ ಆಳನ್ನು ಬ್ಲೇಡಿನಲ್ಲಿ ಕತ್ತರಿಸಿ, ಅಂಚನ್ನು ಹಿಂದಿನಿಂದ ತೀಡಿ ತೆಳುವಾಗಿಸಿ, ಅಂಟಿಸಿ, ಸಣ್ಣ ಕುಂಚದಲ್ಲಿ ಗೆರೆ ಮುಚ್ಚಿ, ಅದನ್ನೇ ಮತ್ತೊಮ್ಮೆ ಫೋಟೋ ತೆಗೆಯುವುದು. ನಮ್ಮ ಸ್ಟುಡಿಯೋದಲ್ಲಿ ಆ ಕೆಲಸ ನನ್ನದು. ಮದುವೆ ನೋಡದೆ ತೀರಿಕೊಂಡ ಅಪ್ಪಂದಿರನ್ನು ಮಗಳ ಮದುವೆ ಫೋಟೋದಲ್ಲಿ ನಿಲ್ಲಿಸಿ ಕೊಟ್ಟದ್ದೇ ನೂರಾರು. ಎಲ್ಲಿ ಅಂಟಿದೆ ಎಂದು ಅವರನ್ನು ಹೆತ್ತ ತಾಯಿಗೂ ಗೊತ್ತಾಗುತ್ತಿರಲಿಲ್ಲ. ಜಂಭ ಅಂದುಕೊಂಡರೂ ಸರಿ.

ಹಾಗೆ ಅಂಟಿಸಿದವರಲ್ಲಿ ನನ್ನ ಅಪ್ಪನೂ ಒಬ್ಬರು. ಈ ಗುಟ್ಟನ್ನು ನಲವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಹೋದ ತಿಂಗಳು ಒಂದು ಮಂಗಳವಾರ ಬೆಳಿಗ್ಗೆ ನಾಲಿಗೆ ಜಾರಿತು.

ಅವತ್ತು ಅಕ್ಕ ಮಗಳ ಜೊತೆ ಸ್ಟುಡಿಯೋಗೆ ಬಂದಳು. ಕಂಕುಳಲ್ಲಿ ಟವಲಿನಲ್ಲಿ ಸುತ್ತಿದ ಮದುವೆ ಫೋಟೋ. ನೋಂದಣಿ ಕಚೇರಿಯ ಮೆಟ್ಟಿಲ ಮೇಲೆ ಎಡತುದಿಯಲ್ಲಿ ಅಪ್ಪ, ಆಮೇಲೆ ಸಾಕ್ಷಿ ಸಹಿ ಹಾಕಿದ ಇಬ್ಬರು ಸ್ನೇಹಿತರು, ಭಾವ, ಅಕ್ಕ. ಬಲತುದಿಯಲ್ಲಿ ಅಕ್ಕನಿಗೆ ಒತ್ತಿಕೊಂಡು ನಾನು. ಅಮ್ಮ ಆಗಲೇ ಇರಲಿಲ್ಲ. ಎಲ್ಲರೂ ಮೊಣಕಾಲಿನವರೆಗೆ ಮಾತ್ರ ಕಾಣುತ್ತಾರೆ. ಫೋಟೋ ಹಳದಿಯಾಗಿ ಮುಖಗಳು ಮಾಸಿದ್ದವು.

"ನಲವತ್ತು ವರ್ಷ ಆಗ್ತಾ ಬಂತು ಕಣೋ. ನಿನ್ನ ಭಾವಂಗೆ ಹೇಳಿಲ್ಲ. ಹೊಸದು ಮಾಡ್ಕೊಡು," ಎಂದಳು ಅಕ್ಕ. ಫೋಟೋ ಕೈಯಲ್ಲಿದ್ದರೆ ಅವಳ ಬಾಯಿ ಸುಮ್ಮನಿರುವುದಿಲ್ಲ. ಮಗಳಿಗೆ ಸಾವಿರದ ಒಂದನೇ ಸಲ ಶುರುಮಾಡಿದಳು. "ನಿಮ್ಮಜ್ಜ ಕಾಲಿಡಲ್ಲ ಅಂತ ಹಠ ಹಿಡಿದಿದ್ರು. ಸ್ಟವ್ ರಿಪೇರಿ ಮಾಡೋನು ಅಳಿಯ ಆಗೋದು ಬೇಡ ಅಂತ. ಕೊನೇ ಗಳಿಗೇಲಿ ಓಡೋಡಿ ಬಂದ್ರು ನೋಡು, ಬಚ್ಚಲುಮನೆ ರಬ್ಬರ್ ಚಪ್ಪಲೀಲೇ! ಅದೂ ಒಂದು ಕಾಲಿಗೊಂದು ತರದ್ದು. ಅಪ್ಪನ ಮನಸ್ಸು ಬೆಣ್ಣೆ. ನಾನು ಅತ್ತುಬಿಟ್ಟೆ. ನಿಮ್ಮ ಮಾಮ ಪಕ್ಕದಲ್ಲಿ ನಿಂತು ಬೆನ್ನು ಸವರ್ತಿದ್ದ."

ಬೇರೆ ದಿನವಾಗಿದ್ದರೆ ಹ್ಞೂಂಗುಟ್ಟಿ ಸುಮ್ಮನಾಗುತ್ತಿದ್ದೆ. ಅವತ್ತು ಆ 'ಬೆಣ್ಣೆ' ಕೇಳಿ ಮೈ ಉರಿಯಿತು. ಅಪ್ಪನನ್ನು ಕರೆತರಲು ಹೋದವನು ನಾನು. ಬಾಗಿಲಲ್ಲಿ ನಿಂತು ಅಂಗಲಾಚಿದವನು ನಾನು.

"ಅಪ್ಪ ಬರಲೇ ಇಲ್ಲ ಅಕ್ಕ," ಎಂದುಬಿಟ್ಟೆ. "ಕೈಯಲ್ಲಿದ್ದ ಪೇಪರ್ ಕೂಡ ಮಡಚದೆ 'ಹೋಗು' ಅಂದ್ರು ನಂಗೆ. ಇಲ್ಲಿ ಅವರನ್ನ ಅಂಟಿಸಿದ್ದು ನಾನು, ಈ ಕೈಯಾರೆ. ಫೋಟೋ ನೋಡಿ ನೋಡಿ ನಿಂಗೆ ಅವರು ಬಂದಂಗೆ ಅನ್ಸಿದೆ, ಅಷ್ಟೇ. ಚಪ್ಪಲಿ ಅಂತೀಯಲ್ಲ, ಇದರಲ್ಲಿ ಕಾಲೇ ಇಲ್ವಲ್ಲ!"

ಅಕ್ಕ ಫೋಟೋ ನೋಡಿದಳು. ಮೊಣಕಾಲಿನ ಕೆಳಗೆ ಚೌಕಟ್ಟಿನ ಮರ. ಅವಳ ಬೆರಳು ಅಲ್ಲೇ ಒಂದೆರಡು ಸಲ ಆಡಿತು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಫೋಟೋವನ್ನು ಮತ್ತೆ ಟವಲಿನಲ್ಲಿ ಸುತ್ತಿಕೊಂಡು ಹೊರಗೆ ನಡೆದಳು.

ಅವಳ ಮಗಳು ಬಾಗಿಲಲ್ಲಿ ನಿಂತಳು. "ಮಾಮ, ಮದುವೆಯಾದ ಮರುವರ್ಷವೇ ಅಜ್ಜ ಹೋಗ್ಬಿಟ್ರು. ಅಜ್ಜಂಗೆ ತನ್ನ ಮೇಲೆ ಕೋಪ ಇರಲಿಲ್ಲ ಅಂತ ಅಮ್ಮ ನಂಬ್ಕೊಂಡಿರೋದು ಇದೊಂದರಿಂದಲೇ. ಅದನ್ನೂ ಕಿತ್ಕೊಂಡ್ರಲ್ಲ."

ನಾಲ್ಕು ದಿನ ಫೋನ್ ಮಾಡಿದೆ. ಅಕ್ಕ ಎತ್ತಲಿಲ್ಲ. ಐದನೆಯ ದಿನ ಹಳೆಯ ನೆಗೆಟಿವ್ ಡಬ್ಬಿಗಳನ್ನು ಅಟ್ಟದಿಂದ ಇಳಿಸಿದೆ. ಅಕ್ಕನನ್ನು ಸಮಾಧಾನ ಮಾಡಬೇಕೆಂದಲ್ಲ, ನಿಜ ಹೇಳುತ್ತೇನೆ. ಅಪ್ಪನಿಲ್ಲದ ಮೂಲ ನೆಗೆಟಿವ್ ಸಿಕ್ಕಿದರೆ ನಾನು ಸುಳ್ಳುಗಾರನಲ್ಲ ಎಂದು ತೋರಿಸಬಹುದಲ್ಲ ಎಂದು. ನನ್ನ ಬುದ್ಧಿ ಅಷ್ಟೇ.

ಮಧ್ಯಾಹ್ನವೆಲ್ಲ ಧೂಳು ತಿಂದ ಮೇಲೆ ಸಿಕ್ಕಿತು. ಸ್ಟುಡಿಯೋದ ಆಗಿನ ಯಜಮಾನರೇ ತೆಗೆದ ಫೋಟೋ. ಲಕೋಟೆಯ ಮೇಲೆ ಅವರ ಅಕ್ಷರದಲ್ಲಿ ತಾರೀಖಿತ್ತು. ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಭೂತಗನ್ನಡಿ ಹಿಡಿದೆ.

ಎಡತುದಿಯಲ್ಲಿ ಅಪ್ಪ ನಿಂತಿದ್ದರು.

ಅಂಚಿನ ಸುತ್ತ ಬ್ಲೇಡಿನ ಗುರುತಿಲ್ಲ, ಕುಂಚದ ಗೆರೆಯಿಲ್ಲ. ಈ ಕೆಲಸದಲ್ಲಿ ನನ್ನ ಕಣ್ಣು ಮೋಸ ಹೋಗುವುದಿಲ್ಲ. ಅಂಗಿಯ ಗುಂಡಿ ಒಂದು ಮನೆ ತಪ್ಪಿ ಹಾಕಿದ್ದರು. ಮೂಲ ನೆಗೆಟಿವ್ ಪಾದದವರೆಗೂ ಇತ್ತು. ಎರಡು ಕಾಲಲ್ಲೂ ರಬ್ಬರ್ ಚಪ್ಪಲಿ: ಒಂದರ ಪಟ್ಟಿ ಅಗಲ, ಇನ್ನೊಂದರದ್ದು ಸಣ್ಣದು.

ಬಲತುದಿಯಲ್ಲಿ, ಅಕ್ಕನ ಪಕ್ಕದಲ್ಲಿ, ಯಾರೂ ಇರಲಿಲ್ಲ. ಬರೀ ಮೆಟ್ಟಿಲು.

ನಾನು ಕುರ್ಚಿ ಎಳೆದುಕೊಂಡು ಕುಳಿತೆ. ಆ ಮೆಟ್ಟಿಲ ಮೇಲೆ ನಿಂತದ್ದು, ಕಣ್ಣಿಗೆ ಬಿಸಿಲು ಹೊಡೆದದ್ದು, ಯಜಮಾನರು "ಮುಖ ಎತ್ತೋ" ಅಂದದ್ದು ಎಲ್ಲವೂ ನನಗೆ ನಿನ್ನೆಯಷ್ಟು ಚೆನ್ನಾಗಿ ನೆನಪಿದೆ. ನೆಗೆಟಿವ್‌ನಲ್ಲಿ ಬಿಸಿಲೇ ಇರಲಿಲ್ಲ. ಮೋಡದ ದಿನ, ಯಾರಿಗೂ ನೆರಳಿಲ್ಲ. ಬಿಸಿಲಿದ್ದದ್ದು ಸ್ಟುಡಿಯೋದ ಹಿಂದಿನ ಅಂಗಳದಲ್ಲಿ. ಅಂಟಿಸಿಕೊಳ್ಳಲೆಂದು ನಾನು ಒಂದು ವಾರದ ನಂತರ ಒಬ್ಬನೇ ನಿಂತದ್ದು ಅಲ್ಲಿ. ಮದುವೆಯ ದಿನ ಅಪ್ಪ "ಹೋಗು" ಅಂದಮೇಲೆ ಬರಿಗೈಯಲ್ಲಿ ಅಕ್ಕನಿಗೆ ಮುಖ ತೋರಿಸಲಾರದೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಸಂಜೆಯವರೆಗೆ ಕುಳಿತಿದ್ದೆ. ಬೆಂಚಿನ ಕಬ್ಬಿಣದ ತಂಪು ಈಗ ನೆನಪಾಯಿತು. ಹೀಗೆಲ್ಲ ನೆನಪಾಗುವುದನ್ನೂ ಇನ್ನು ಎಷ್ಟು ನಂಬಬೇಕೋ.

ಬಾಗಿಲಲ್ಲಿ ಅಪ್ಪ "ಹೋಗು" ಅಂದದ್ದು ನಿಜ. ಆ ಫೋಟೋಗೆ ಒಬ್ಬರನ್ನು ಅಂಟಿಸಿದ್ದೂ ನಿಜ. ಆಮೇಲೆ ಬೇರೆಯವರ ಅಪ್ಪಂದಿರನ್ನು ನೂರಾರು ಸಲ ಅಂಟಿಸಿದೆ. ಆ ಎರಡು ನಿಜಗಳನ್ನು ಯಾವಾಗ, ಯಾವ ಗೋಂದಿನಲ್ಲಿ ಕೂಡಿಸಿದೆನೋ ಗೊತ್ತಿಲ್ಲ. ಗೆರೆ ಮಾತ್ರ ನನಗೇ ಕಾಣದಷ್ಟು ಚೆನ್ನಾಗಿ ಮುಚ್ಚಿದ್ದೆ. ಒಂದೊಂದು ಸಲ ನೆನೆದಾಗಲೂ ಮೂಲ ನೆಗೆಟಿವ್ ಮುಟ್ಟದೆ, ಹಿಂದಿನ ಸಲದ ಪ್ರಿಂಟಿನಿಂದಲೇ ಇನ್ನೊಂದು ಪ್ರಿಂಟು ತೆಗೆಯುತ್ತಾ ಬಂದಿದ್ದೆ. ಆ ಪ್ರಿಂಟು ಹಿಡಿದುಕೊಂಡು ಸತ್ತ ಅಪ್ಪನ ಮೇಲೆ ನಲವತ್ತು ವರ್ಷ ಮುನಿಸಿಕೊಂಡಿದ್ದೆ. ಯಾರೂ ನೋಡುತ್ತಿರಲಿಲ್ಲವಾದ್ದರಿಂದ ಸ್ವಲ್ಪ ಅತ್ತೆ.

ಮಾರನೆಯ ದಿನ ಪಾದದವರೆಗೂ ದೊಡ್ಡ ಪ್ರಿಂಟು ಮಾಡಿ ಅಕ್ಕನ ಮನೆಗೆ ಹೋದೆ. ಅವಳು ಅಡುಗೆಮನೆಯ ಮೇಜಿನ ಮೇಲೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಬಾ ಎನ್ನಲಿಲ್ಲ. ನಾನು ಪ್ರಿಂಟನ್ನು ಅವಳ ಮುಂದಿದ್ದ ಅಂಗಿಯ ಮೇಲಿಟ್ಟೆ.

ಅಕ್ಕ ಮುಖಗಳನ್ನು ನೋಡಲೇ ಇಲ್ಲ, ನೇರ ಕಾಲಿಗೆ ಹೋದಳು. ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಕನ್ನಡಕ ಹಾಕಿಕೊಂಡಳು.

"ನಾನು ಹೇಳ್ಲಿಲ್ವಾ!" ಎಂದು ನನ್ನ ತಲೆಗೆ ಮೊಟಕಿದಳು. ನಗುತ್ತಿದ್ದಳು, ಕಣ್ಣಲ್ಲಿ ನೀರು. "ಒಂದು ಕಾಲಿಗೊಂದು ತರದ್ದು!"

"ತಪ್ಪಾಯ್ತು ಅಕ್ಕ."

ಆಮೇಲೆ ಅವಳ ಕಣ್ಣು ಬಲಕ್ಕೆ ಹೋಯಿತು. "ನೀನೆಲ್ಲೋ?"

"ನಾನು ಅವತ್ತು ಇರಲಿಲ್ಲ. ಬಸ್‌ಸ್ಟ್ಯಾಂಡಲ್ಲಿ ಕೂತಿದ್ದೆ. ಆಮೇಲೆ ಅಂಟಿಸ್ಕೊಂಡೆ."

"ಹೋಗೋ! ನೀನು ನನ್ನ ಬೆನ್ನು ಸವರ್ತಿದ್ದೆ. ಕೈ ಗೋಂದಿನ ವಾಸನೆ ಬರ್ತಿತ್ತು, ನಂಗೆ ನೆನಪಿಲ್ವಾ? ಅಪ್ಪ ಬಂದವ್ರೇ ಮೊದಲು ಕೇಳಿದ್ದು ನಿನ್ನನ್ನೇ. 'ಅವನೆಲ್ಲಿ? ಬಾಗಿಲಲ್ಲಿ ಅವನ ಮುಖ ನೋಡಿದ್ಮೇಲೆ ಮನೇಲಿ ಕೂರಕ್ಕಾಗ್ಲಿಲ್ಲ, ಅವನ ಹಿಂದೇನೇ ಹೊರಟ್ಬಂದೆ' ಅಂದ್ರು."

ಪ್ರಿಂಟಿನ ಖಾಲಿ ಮೆಟ್ಟಿಲ ಮೇಲೆ ಬೆರಳಿಟ್ಟು ಕೇಳಿದೆ: "ನಾನು ನಿನ್ನ ಪಕ್ಕದಲ್ಲೇ ಇದ್ದಿದ್ರೆ 'ಅವನೆಲ್ಲಿ' ಅಂತ ಯಾಕೆ ಕೇಳ್ತಿದ್ರು ಅಕ್ಕ?"

ಅಕ್ಕ ಇಷ್ಟು ವರ್ಷ ಎರಡನ್ನೂ ಒಟ್ಟೊಟ್ಟಿಗೆ ನೆನಪಿಟ್ಟುಕೊಂಡಿದ್ದಳು, ಒಂದಕ್ಕೊಂದು ಡಿಕ್ಕಿ ಹೊಡೆಯುತ್ತದೆಂದು ಅವಳಿಗೆ ಹೊಳೆದೇ ಇರಲಿಲ್ಲ. ಮಡಚಿದ್ದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಚಿದಳು.

"ಅದೆಲ್ಲ ನಂಗೊತ್ತಿಲ್ಲ," ಎಂದಳು ಕೊನೆಗೆ. "ಈ ಜಾಗ ಖಾಲಿ ಇರೋ ಫೋಟೋ ನಂಗೆ ಬೇಡ. ನಿನ್ನ ಅಂಟಿಸ್ಕೊಡು. ಈಗಿನ ಬೋಳುತಲೇನೇ ಇರ್ಲಿ. ಆದ್ರೆ ನನ್ನ ಪಕ್ಕ ಬೇಡ, ಅಪ್ಪನ ಪಕ್ಕ ನಿಲ್ಲು. ನಿನ್ನ ಹುಡುಕ್ಕೊಂಡು ಬಂದವರು ಅವರು."

ಮುಂದಿನ ಭಾನುವಾರ ಸ್ಟುಡಿಯೋದ ಹಿಂದಿನ ಅಂಗಳದಲ್ಲಿ, ಮೋಡ ಬರುವವರೆಗೆ ಕಾದು, ಕ್ಯಾಮೆರಾವನ್ನು ಅಕ್ಕನ ಮಗಳ ಕೈಗೆ ಕೊಟ್ಟೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಮಾಮ, ಚಪ್ಪಲಿ ಬದಲಾಯಿಸಿ, ಎರಡೂ ಬೇರೆ ಬೇರೆ ಜೊತೇದು," ಎಂದಳು.

"ಗೊತ್ತು," ಎಂದೆ. "ಪಾದದವರೆಗೂ ತೆಗಿ."