ಇನ್ನೂರ ಹದಿನೇಳನೇ ಟೋಕನ್

ಆ ವರ್ಷ ಗಿಣಿಯ ಕೈಯಲ್ಲಿ ಮೂರು ಕೆಲಸಗಳಿದ್ದವು. ಬೆಳಿಗ್ಗೆ ಕಾನೂನು ಕಾಲೇಜು, ಸಂಜೆ ನಾಟಕದ ತಾಲೀಮು, ನಡುವೆ ಉಳಿದ ಹೊತ್ತಿನಲ್ಲಿ ಗೆಳೆಯನ ಜೊತೆ ಸೇರಿ ಶುರುಮಾಡಿದ ಧ್ವನಿಮುದ್ರಣದ ಕಂಪನಿ. ಅವಳ ನಿಜವಾದ ಹೆಸರು ಕಾಲೇಜಿನ ಹಾಜರಿ ಪುಸ್ತಕದಲ್ಲಿ ಮಾತ್ರ ಬದುಕಿತ್ತು. ಮಾತು ಬಂದ ದಿನದಿಂದ ಬಾಯಿ ಮುಚ್ಚದವಳು ಎಂದು ಮನೆಯವರೆಲ್ಲ ಗಿಣಿ ಎಂದೇ ಕರೆಯುತ್ತಿದ್ದರು.

"ಒಂದರಲ್ಲಾದ್ರೂ ನೆಟ್ಟಗೆ ಕಾಲೂರೇ," ಎಂದು ಅಮ್ಮ ದಿನಕ್ಕೊಮ್ಮೆ ಹೇಳುತ್ತಿದ್ದಳು. ಹೇಳುವ ಅಧಿಕಾರ ಅವಳಿಗಿತ್ತು. ಅಂಚೆ ಕಚೇರಿಯ ಒಂದೇ ಕೌಂಟರಿನ ಹಿಂದೆ ಇಪ್ಪತ್ತಾರು ವರ್ಷ ಕೂತವಳು ಅವಳು.

ಕಂಪನಿ ಎಂದರೆ ಇಬ್ಬರೇ. ದನಿ ಗಿಣಿಯದು, ಉಳಿದದ್ದೆಲ್ಲ ಗೆಳೆಯನದು. ಬಾಯಿ ತೆರೆದರೆ "ನನ್ನ ಪ್ಲಾನ್ ಏನಪ್ಪಾ ಅಂದ್ರೆ" ಎಂದೇ ಶುರುಮಾಡುತ್ತಿದ್ದ ಅವನನ್ನು ಕಾಲೇಜಿಗೆ ಕಾಲೇಜೇ ಪ್ಲಾನು ಎನ್ನುತ್ತಿತ್ತು. ಸ್ಟುಡಿಯೊ ಇದ್ದದ್ದು ಗಿಣಿಯ ಚಿಕ್ಕಮ್ಮನ ಮನೆಯ ಬಟ್ಟೆ ಬೀರುವಿನೊಳಗೆ. ಗೋಡೆಯುದ್ದಕ್ಕೂ ಚಾಚಿದ ಹಳೆಯ ಬೀರು. ಒಳಗೆ ತೂಗುಹಾಕಿದ ಕೋಟುಗಳು ಮತ್ತು ಕಂಬಳಿಗಳ ದೆಸೆಯಿಂದ ಹೊರಗಿನ ಸದ್ದು ಒಳಗೆ ಬರುತ್ತಿರಲಿಲ್ಲ, ಒಳಗಿನ ಗಾಳಿ ಹೊರಗೆ ಹೋಗುತ್ತಿರಲಿಲ್ಲ. ಗಿಣಿ ಅದರೊಳಗೆ ಮೊಣಕಾಲು ಮಡಿಸಿ ಕೂತು, ನುಸಿಗುಳಿಗೆಯ ವಾಸನೆ ಸಹಿಸಿಕೊಂಡು ಮೈಕಿಗೆ ಓದುತ್ತಿದ್ದಳು.

ಮೊದಲ ಗಿರಾಕಿಯೇ ದೊಡ್ಡವರು. ಊರಿನ ದೊಡ್ಡ ಆಸ್ಪತ್ರೆಯಲ್ಲಿ, ಹೊರಗಿನಿಂದ ಬರುವ ರೋಗಿಗಳನ್ನು ಸರದಿಯಂತೆ ಕರೆಯಲು ಹೊಸ ಯಂತ್ರ ತರಿಸಿದ್ದರು. ಯಂತ್ರಕ್ಕೊಂದು ದನಿ ಬೇಕಿತ್ತು. ಒಂದರಿಂದ ಮುನ್ನೂರರವರೆಗೆ ಅಂಕಿಗಳು, ಹನ್ನೆರಡು ಕೊಠಡಿಗಳು, ಜೊತೆಗೊಂದು "ದಯವಿಟ್ಟು". ಅದೇ ವಾರ ಕಾಲೇಜಿನಲ್ಲಿ ಕರಾರು ಕಾಯಿದೆಯ ಮೇಡಂ, ಪ್ರತಿಯೊಬ್ಬರೂ ಒಂದೊಂದು ಕರಾರುಪತ್ರ ಬರೆದು ತರಬೇಕೆಂದಿದ್ದರು. ಗಿಣಿ ಆಸ್ಪತ್ರೆಯ ಕರಾರನ್ನೇ ಬರೆದು ಎರಡೂ ಕಡೆ ಕೊಟ್ಟಳು. ಅದರ ಒಂಬತ್ತನೇ ಷರತ್ತಿನ ಮೇಲೆ ಅವಳಿಗೆ ವಿಶೇಷ ಮಮತೆ: 'ಧ್ವನಿಮುದ್ರಣದಲ್ಲಿ ಯಾವುದೇ ಲೋಪ ಕಂಡುಬಂದಲ್ಲಿ, ಅದು ಸರಿಯಾಗುವವರೆಗೆ ಧ್ವನಿ ನೀಡಿದವರು ಸ್ವತಃ ಹಾಜರಿದ್ದು ಆ ಕೊರತೆಯನ್ನು ತುಂಬತಕ್ಕದ್ದು.' ಮೇಡಂ ಅದರ ಪಕ್ಕ ಕೆಂಪು ಶಾಯಿಯಲ್ಲಿ 'ಬಲು ಚೆನ್ನಾಗಿದೆ' ಎಂದು ಬರೆದು ತರಗತಿಗೆಲ್ಲ ಓದಿ ಹೇಳಿದರು. ಆಸ್ಪತ್ರೆಯವರು ಓದದೆ ಸಹಿ ಹಾಕಿದರು.

ಭಾನುವಾರ ಮಧ್ಯಾಹ್ನ ಮುದ್ರಣ ನಡೆಯಿತು. ಇನ್ನೂರ ಹದಿನಾರು ಮುಗಿಸುವಷ್ಟರಲ್ಲಿ ಗಿಣಿಯ ಜೇಬಿನಲ್ಲಿ ಫೋನು ನಡುಗಿತು. ನಾಟಕದ ಮೇಷ್ಟ್ರು. ಗಿಣಿ ತಾನೇ ಬರೆದು, ತಾನೊಬ್ಬಳೇ ಆಡಬೇಕಿದ್ದ ನಾಟಕವೊಂದಿತ್ತು. ಹಡಗುಗಳು ಬರುವುದು ನಿಂತುಹೋದ ಮೇಲೂ ದೀಪಸ್ತಂಭ ಕಾಯುವ ಹೆಂಗಸಿನ ಕಥೆ. ಮೇಷ್ಟ್ರು ಅದನ್ನು ತಿದ್ದಿ ತೀಡುತ್ತಿದ್ದರು. ತಾಲೀಮು ಒಂದು ಗಂಟೆ ಮುಂಚೆ ಎಂದು ಹೇಳಿ, "ಬರ್ತಾ ಅಭಿನಯ ಎಲ್ಲಾ ಮನೇಲೇ ಬಿಟ್ಟು ಬಾ," ಎಂದು ಸೇರಿಸಿ ಫೋನಿಟ್ಟರು. ಗಿಣಿ ಬೆವರು ಒರೆಸಿಕೊಂಡು, ಮತ್ತೆ ಕೂತು, ಇನ್ನೂರ ಹದಿನೆಂಟರಿಂದ ಮುಂದುವರಿಸಿದಳು. ಹೊರಗೆ ಕಂಪ್ಯೂಟರ್ ಹಿಡಿದು ಕೂತಿದ್ದ ಪ್ಲಾನು ಆ ಹೊತ್ತಿಗೆ ವಿಮಾನ ನಿಲ್ದಾಣಕ್ಕೆ ಬರೆಯಬೇಕಾದ ಪತ್ರದ ಒಕ್ಕಣೆಯಲ್ಲಿ ಮುಳುಗಿದ್ದ. ಇಬ್ಬರಿಗೂ ಏನೂ ತಿಳಿಯಲಿಲ್ಲ.

ತಿಳಿದದ್ದು ಯಂತ್ರ ಶುರುವಾದ ಎರಡನೇ ದಿನ, ಮಂಗಳವಾರ. ಬಟ್ಟೆ ಸಣ್ಣದು ದೊಡ್ಡದು ಮಾಡಿಕೊಡುವ ಅಂಗಡಿಯ ಹೊಲಿಗೆಯವಳೊಬ್ಬಳ ಕೈಗೆ ಇನ್ನೂರ ಹದಿನೇಳನೇ ಟೋಕನ್ ಬಂದಿತ್ತು. ಅವಳ ಸರದಿ ಬಂದಾಗ ಪರದೆಯ ಮೇಲೆ ಅಂಕಿ ಮೂಡಿತು, ದನಿ ಬರಲಿಲ್ಲ. ಪರದೆ ಓದುವಷ್ಟು ಅವಳ ಕಣ್ಣು ಸರಿಯಿರಲಿಲ್ಲ. ಅವಳು ಬಂದದ್ದೇ ಕಣ್ಣು ತೋರಿಸಲು. ಬಾಗಿಲು ಹಾಕುವವರೆಗೆ ಐದು ಗಂಟೆ ಕಾಲ ಕೂತೇ ಇದ್ದಳು.

ಬುಧವಾರ ಬೆಳಿಗ್ಗೆ ಆಸ್ಪತ್ರೆಯ ಅಧಿಕಾರಿ ಗಿಣಿಯನ್ನೂ ಪ್ಲಾನುವನ್ನೂ ಕರೆಸಿದರು. ಮೇಜಿನ ಮೇಲೆ ಕರಾರುಪತ್ರ ಇತ್ತು.

"ಇದನ್ನ ನಾನು ಈಗ ಓದಿದೆ," ಎಂದರು. "ಯಂತ್ರ ಬಿಚ್ಚಿ ಹೊಸ ದನಿ ಸೇರಿಸೋರು ಬರೋದು ಸೋಮವಾರ. ಅಲ್ಲೀತನಕ ಒಂಬತ್ತನೇ ಷರತ್ತು ಇದೆಯಲ್ಲ."

"ಸರ್, ಆ ಟೋಕನ್ನೇ ಕೊಡದಿದ್ರೆ?" ಎಂದ ಪ್ಲಾನು.

"ಯಂತ್ರ ಸಾಲಾಗಿ ಕೊಡುತ್ತಪ್ಪ. ಅದಕ್ಕೆ ಎಗರಿಸೋಕೆ ಬರಲ್ಲ. ನಿಮಗೆ ಬರುತ್ತೆ."

"ಸಿಸ್ಟರ್ ಯಾರಾದ್ರೂ ಒಂದ್ಸಲ ಕೂಗಿದ್ರೆ ಸಾಕಲ್ವಾ ಸರ್?" ಎಂದಳು ಗಿಣಿ.

"ಸಿಸ್ಟರ್‌ಗಳು ಕೂಗಬಾರದು ಅಂತಲೇ ತಾನೆ ಯಂತ್ರ ತರಿಸಿದ್ದು?"

ಅಲ್ಲಿಗೆ ತೀರ್ಮಾನವಾಯಿತು. ದಿನಾ ಮಧ್ಯಾಹ್ನ ಮೂರರ ಹೊತ್ತಿಗೆ, ಯಂತ್ರ ಇನ್ನೂರ ಹದಿನಾರನ್ನು ಕರೆದು ಮುಂದಿನದಕ್ಕೆ ಮೂಕವಾದಾಗ, ಗಿಣಿ ಎದ್ದು ನಿಂತು ಕೂಗಬೇಕು.

ಹೊಲಿಗೆಯವಳು ಅವತ್ತು ಮತ್ತೆ ಬಂದಿದ್ದಳು. ಗಿಣಿ ಹೋಗಿ ಅವಳ ಪಕ್ಕ ಕೂತು ಕ್ಷಮೆ ಕೇಳಿದಳು.

"ಐದು ಗಂಟೆ ನಿಮ್ಮನ್ನ ಸುಮ್ನೆ ಕೂರಿಸಿಬಿಟ್ಟೆ, ಅಮ್ಮಾ."

"ಅದಕ್ಯಾಕೆ ಅಷ್ಟು ಮುಖ ಸಣ್ಣ ಮಾಡ್ಕೋತೀಯ, ಮಗಳೇ? ಹನ್ನೊಂದನೇ ವಯಸ್ಸಿಗೆ ಸೂಜಿ ಹಿಡಿದವಳು ನಾನು. ಐದು ಗಂಟೆ ಕೈಕಟ್ಟಿ ಕೂತದ್ದು ನಿನ್ನೆಯೇ ಮೊದಲು." ಅವಳು ಕೈಯಲ್ಲಿದ್ದ ಚೀಟಿಯನ್ನು ಕಣ್ಣಿನ ಹತ್ತಿರ ತಂದು ನೋಡಿದಳು. "ಇವತ್ತು ಬೇರೆ ನಂಬರ್ ಕೊಟ್ಟಿದಾರೆ. ಬೇಗ ಕರೆದುಬಿಡ್ತಾರೇನೋ."

ಸಂಜೆ ಅಮ್ಮನಿಗೆ ವಿಷಯ ಹೇಳಲೇಬೇಕಾಯಿತು. ಅಮ್ಮ ಪೂರ್ತಿ ಕೇಳಿಸಿಕೊಂಡು, ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು.

"ಇಪ್ಪತ್ತಾರು ವರ್ಷದಿಂದ ಕೌಂಟರಲ್ಲಿ ನಂಬರ್ ಕರೀತಿದೀನಿ. ಒಂದೂ ಬಿಟ್ಟಿಲ್ಲ. ಯಾರೂ ನನ್ನ ದನಿ ಚೆನ್ನಾಗಿದೆ ಅಂತಲೂ ಹೇಳಿಲ್ಲ."

ಅವಳಿಗೆ ಹೇಳದೆ ಬಿಟ್ಟ ಒಂದು ಸಂಗತಿಯಿತ್ತು. ಅವತ್ತಿನ ಮೊದಲ ಕೂಗು. ಬೆಂಚುಗಳ ತುಂಬ ಜನ, ಗೋಡೆಗೆ ಒರಗಿದವರು, ತೊಡೆಯ ಮೇಲೆ ಕ್ಷಕಿರಣದ ಲಕೋಟೆ ಇಟ್ಟುಕೊಂಡವರು. ಏನಿಲ್ಲವೆಂದರೂ ನೂರೈವತ್ತು ಮಂದಿ. ಗಿಣಿ ಹುಟ್ಟಿದ ಮೇಲೆ ಇಷ್ಟು ದೊಡ್ಡ ಸಭೆಯ ಮುಂದೆ ನಿಂತಿರಲಿಲ್ಲ. ಯಂತ್ರ ಮೂಕವಾಯಿತು. ಅವಳು ಹೊಟ್ಟೆಯಾಳದಿಂದ ಉಸಿರೆಳೆದು, ದೀಪಸ್ತಂಭದ ಹೆಂಗಸು ಬಿರುಗಾಳಿಯಲ್ಲಿ ಹಡಗನ್ನು ಕರೆಯುವ ದನಿಯಲ್ಲಿ, ಒಂದು ಕೈ ಮುಂದೆ ಚಾಚಿ ಹೇಳಿದಳು:

"ಟೋಕನ್ ಸಂಖ್ಯೆ, ಇನ್ನೂರ, ಹದಿನೇಳು..."

ಮುಂದಿನ ಸಾಲಿನ ಮುದುಕರೊಬ್ಬರು ಎದೆ ಹಿಡಿದುಕೊಂಡರು. ಹಿಂದೆಲ್ಲೋ ಒಂದು ಮಗು ಕಿಟಾರನೆ ಚೀರಿತು. ಟೋಕನ್ ಇದ್ದ ಗಂಡಸು, ತನಗೇನೋ ದೊಡ್ಡ ರೋಗವೇ ಇರಬೇಕೆಂದುಕೊಂಡು, ಹೆಂಡತಿಯ ಕೈ ಹಿಡಿದೇ ಎದ್ದ. ದೊಡ್ಡ ಸಿಸ್ಟರ್ ಬಂದು ಗಿಣಿಯ ಭುಜ ಮುಟ್ಟಿದರು.

"ಇಲ್ಲಿ ಬಿ.ಪಿ. ಇರೋರೆಲ್ಲಾ ಕೂತಿರ್ತಾರಮ್ಮ. ಸ್ವಲ್ಪ ಮನುಷ್ಯರ ಥರ ಕರೀತೀರಾ?"

ಗುರುವಾರ ಅವಳು ಮನುಷ್ಯರ ಥರ ಕರೆದಳು. ಯಾರೂ ತಲೆಯೆತ್ತಲಿಲ್ಲ, ಟೋಕನ್ ಇದ್ದ ಹುಡುಗಿ ಮಾತ್ರ ಎದ್ದು ಹೋದಳು. ಗಿಣಿಗೆ ಅದು ಬುಧವಾರಕ್ಕಿಂತ ಹೆಚ್ಚು ನೋವುಂಟುಮಾಡಿತು.

ಶುಕ್ರವಾರದ ಪಾಡು ಬೇರೆ. ಅವತ್ತು ಕರಾರು ಕಾಯಿದೆಯ ಪರೀಕ್ಷೆ, ಎರಡರಿಂದ ಐದರವರೆಗೆ. ಗಿಣಿ ಬೆಳಿಗ್ಗೆಯೇ ಆಸ್ಪತ್ರೆಗೆ ಓಡಿ, ಇನ್ನೂರ ಹದಿನೇಳನ್ನು ಒಂದು ಗಂಟೆಗೇ ಕರೆದುಬಿಡಲೇ ಎಂದು ದೊಡ್ಡ ಸಿಸ್ಟರನ್ನು ಕೇಳಿದಳು.

"ಇನ್ನೂರ ಹದಿನಾರು ಆದ್ಮೇಲೇ ಅಲ್ವೇನಮ್ಮ ಇನ್ನೂರ ಹದಿನೇಳು? ಕಾನೂನು ಓದೋರು ನೀವು."

ಕಡೆಗೆ ಪ್ಲಾನು ತಾನೇ ಹೋಗುತ್ತೇನೆ ಎಂದ. ಅವನು ಎಂದೂ ನಾಲ್ಕು ಜನರ ಎದುರು ನಿಂತು ಮಾತಾಡಿದವನಲ್ಲ. ಶಾಲೆಯಲ್ಲಿ ಪದ್ಯ ಹೇಳಿಸಲು ನಿಲ್ಲಿಸಿದಾಗ ಮೂಗಿನಲ್ಲಿ ರಕ್ತ ಬಂದಿತ್ತಂತೆ. "ನನ್ನ ಪ್ಲಾನ್ ಏನಪ್ಪಾ ಅಂದ್ರೆ, ಕಣ್ಣು ಮುಚ್ಚಿ ಹೇಳಿಬಿಡೋದು," ಎಂದ. ಮುಖ ಬಿಳುಚಿಕೊಂಡಿತ್ತು.

ಪರೀಕ್ಷೆಯ ಕೋಣೆಯಲ್ಲಿ ಗಿಣಿ ಐದನೇ ಪ್ರಶ್ನೆಗೆ ಬಂದಾಗ ಗೋಡೆ ಗಡಿಯಾರದಲ್ಲಿ ಮೂರಾಗಲು ಐದು ನಿಮಿಷವಿತ್ತು. ಪ್ರಶ್ನೆ ಹೀಗಿತ್ತು: 'ಒಬ್ಬ ಕಲಾವಿದೆ ತಾನೇ ಖುದ್ದಾಗಿ ಹಾಜರಿದ್ದು ಧ್ವನಿ ನೀಡುವುದಾಗಿ ಕರಾರು ಮಾಡಿಕೊಂಡಿದ್ದಾಳೆ. ಅವಳು ತನ್ನ ಬದಲಿಗೆ ಬೇರೊಬ್ಬರನ್ನು ಕಳಿಸಬಹುದೇ? ಕಾರಣಗಳೊಂದಿಗೆ ವಿವರಿಸಿ.' ಮೇಡಂಗೆ ಒಂಬತ್ತನೇ ಷರತ್ತು ಅಷ್ಟು ಹಿಡಿಸಿತ್ತು.

ಗಿಣಿ ಒಂದು ಗಳಿಗೆ ಪೆನ್ನು ಕಚ್ಚಿಕೊಂಡು ಕೂತಳು. ಆಮೇಲೆ ಉತ್ತರ ತಾನಾಗಿ ಹರಿದು ಬಂತು. ಖಂಡಿತ ಕಳಿಸಕೂಡದು ಎಂದು ಬರೆದಳು. ಕಲಾವಿದೆಯ ದನಿಯೆಂಬುದು ಅವಳೊಬ್ಬಳಿಗೇ ಸೇರಿದ ಗುಣ. ಗಿರಾಕಿಯು ಕರಾರು ಮಾಡಿಕೊಂಡದ್ದು ಆ ಗುಣವನ್ನು ನಂಬಿ. ಬದಲಿಯವನು ಎಷ್ಟೇ ಸಮರ್ಥನಾಗಿದ್ದರೂ ಅದು ಕರಾರಿನ ಉಲ್ಲಂಘನೆಯೇ. ಎರಡು ಪುಟ ತುಂಬಿತು. ಅಷ್ಟು ಮನಮುಟ್ಟುವಂತೆ ಅವಳು ತನ್ನ ನಾಟಕವನ್ನೂ ಬರೆದಿರಲಿಲ್ಲ. ಪೂರ್ಣವಿರಾಮ ಇಟ್ಟು ತಲೆಯೆತ್ತಿದಾಗ ಗಡಿಯಾರ ಮೂರೂಕಾಲು ತೋರಿಸುತ್ತಿತ್ತು.

ಐದಕ್ಕೆ ಹೊರಗೆ ಬಂದರೆ ಕಾಲೇಜಿನ ಗೇಟಿನಲ್ಲಿ ಪ್ಲಾನು ನಿಂತಿದ್ದ.

"ಏನಾಯ್ತೋ?"

"ಕರೆದೆ."

"ಆಮೇಲೆ?"

"ಒಬ್ಬರು ಅಜ್ಜಿ ಬಂದ್ರು. ಒಳಗೆ ಹೋದ್ರು."

"ಯಾರೂ ಏನೂ ಅನ್ಲಿಲ್ವಾ? ದನಿ ಬೇರೆ, ಹುಡುಗ ಬೇರೆ..."

ಪ್ಲಾನು ನೆಲ ನೋಡಿದ. "ದೊಡ್ಡ ಸಿಸ್ಟರ್, ಇವತ್ತು ಚೆನ್ನಾಗಿ ಕೇಳಿಸ್ತು ಅಂದ್ರು. ಅಧಿಕಾರಿಗಳೂ ಅಲ್ಲೇ ಇದ್ರು. ತಲೆ ಆಡಿಸಿದ್ರು."

ಗಿಣಿ ಅವನ ಬೆನ್ನು ತಟ್ಟಿದಳು. ಆ ತಟ್ಟುವಿಕೆ ಬೇಕಾದದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಇತ್ತು. ದಾರಿಯುದ್ದಕ್ಕೂ, ಕಣ್ಣು ಮುಚ್ಚಿಕೊಂಡೇ ಹೇಳಿದೆಯಾ, ಕೈ ಎಲ್ಲಿಟ್ಟುಕೊಂಡಿದ್ದೆ, ಎಷ್ಟು ಹೊತ್ತು ತಡೆದು ಶುರುಮಾಡಿದೆ ಎಂದು ಕೆದಕಿ ಕೆದಕಿ ಕೇಳಿದಳು. ಅವನಿಗೆ ಯಾವುದೂ ನೆನಪಿರಲಿಲ್ಲ.

ಶನಿವಾರ ಮೂರಕ್ಕೆ ಆಸ್ಪತ್ರೆ, ಐದಕ್ಕೆ ನಾಟಕ. ಗ್ರಂಥಾಲಯದ ಮಹಡಿಯ ಮೇಲಿನ ಸಣ್ಣ ಸಭಾಂಗಣದಲ್ಲಿ ಇಪ್ಪತ್ತಮೂರು ಜನ ಸೇರಿದ್ದರು. ಅವರಲ್ಲಿ ಒಂಬತ್ತು ಮಂದಿ ಅಮ್ಮನ ಕಡೆಯ ನೆಂಟರು. ಆಸ್ಪತ್ರೆಯಲ್ಲಿ ಅವತ್ತು ಸರದಿ ತಡವಾಗಿ, ಗಿಣಿ ಬಸ್ಸು ತಪ್ಪಿಸಿಕೊಂಡು, ಅರ್ಧ ದಾರಿ ಓಡಿ ಬಂದಿದ್ದಳು. ವೇಷ ತೊಟ್ಟು ರಂಗಕ್ಕೆ ಬರುವಾಗ ಮೈಯಲ್ಲಿ ಕೂಗುವ ತ್ರಾಣವೇ ಇರಲಿಲ್ಲ. ಬಿರುಗಾಳಿಯ ದೃಶ್ಯದಲ್ಲಿ, ನಾಲ್ಕು ತಿಂಗಳು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ಆರ್ತನಾದ ಗಂಟಲಿನಿಂದ ಹೊರಡಲೇ ಇಲ್ಲ. ಹಡಗಿನವರನ್ನು, ಪಕ್ಕದ ಬೆಂಚಿನಲ್ಲಿ ಕೂತವರನ್ನು ಕರೆಯುವಂತೆ ಮೆಲ್ಲಗೆ ಕರೆದಳು. ಸಭೆಯಲ್ಲಿ ಯಾರೂ ಕೆಮ್ಮಲಿಲ್ಲ, ಕುರ್ಚಿ ಸರಿಸಲಿಲ್ಲ. ಜನರಿಗೆ ಬೇಸರವಾಗಿ ನಿದ್ದೆ ಬಂದಿರಬೇಕೆಂದು ಅವಳು ಎಣಿಸಿದಳು.

ಮುಗಿದ ಮೇಲೆ ಮೇಷ್ಟ್ರು ಪರದೆಯ ಹಿಂದೆ ಬಂದರು.

"ಇವತ್ತು ನೀನು ಏನೂ ಮಾಡ್ಲಿಲ್ಲ," ಎಂದರು. ಅಷ್ಟು ಹೇಳಿ ಹೊರಟುಹೋದರು.

ಗಿಣಿ ಭಾನುವಾರವೆಲ್ಲ ಹೊದ್ದು ಮಲಗಿದಳು. ನಾಟಕ ಬಿಟ್ಟೆ, ಇನ್ನು ಕಾನೂನೇ ಗತಿ ಎಂದು ಅಮ್ಮನಿಗೆ ಹೇಳಿದಳು. ಅಮ್ಮ ಖುಷಿಪಟ್ಟು, ಖುಷಿ ಕಾಣಬಾರದೆಂದು ಅಡುಗೆಮನೆಗೆ ಹೋದಳು. ಮೇಷ್ಟ್ರು ಮೂವತ್ತು ವರ್ಷದಲ್ಲಿ ಇಬ್ಬರಿಗೆ ಮಾತ್ರ ಆ ಮಾತು ಹೇಳಿದ್ದಾರೆ, ಅದು ಅವರ ಬಾಯಿಂದ ಬರುವ ಅತಿ ದೊಡ್ಡ ಹೊಗಳಿಕೆ ಎಂದು ತಾಲೀಮಿನ ಗೆಳತಿಯೊಬ್ಬಳು ಫೋನು ಮಾಡಿ ತಿಳಿಸಿದ್ದು ಸಂಜೆಗೆ. ಅಷ್ಟರಲ್ಲಿ ಅಮ್ಮ ಮೂವರು ನೆಂಟರಿಗೆ ಸುದ್ದಿ ಮುಟ್ಟಿಸಿಯಾಗಿತ್ತು.

ಸೋಮವಾರ ಯಂತ್ರದವರು ಬಂದರು. ಇನ್ನೂರ ಹದಿನೇಳನ್ನು ಹೇಳಿ ಕೊಡಲು ಗಿಣಿ ಗಂಟಲು ಸರಿಮಾಡಿಕೊಂಡು ನಿಂತಳು. ಅಧಿಕಾರಿ ಕೈ ಅಡ್ಡ ಹಿಡಿದರು.

"ಶುಕ್ರವಾರ ಬಂದಿದ್ರಲ್ಲ, ಅವರೇ ಹೇಳ್ಲಿ. ಸಿಸ್ಟರ್‌ಗಳಿಗೆಲ್ಲ ಅದೇ ಹಿಡಿಸಿದೆ."

"ಸರ್, ಬರೀ ಒಂದು ನಂಬರ್ ಗಂಡಸಿನ ದನಿಯಲ್ಲಿದ್ರೆ ಚೆನ್ನಾಗಿರುತ್ತಾ?"

"ಜನ ಕಾಯ್ತಾ ಕೂತಿರ್ತಾರೆ. ನಡುವೆ ಒಂದು ಬದಲಾವಣೆ ಇರ್ಲಿ."

ಪ್ಲಾನು ಕಣ್ಣು ಮುಚ್ಚಿ ಹೇಳಿದ. ಒಂದೇ ಸಲಕ್ಕೆ ಸರಿಯಾಯಿತು.

ತಿಂಗಳಾದ ಮೇಲೆ ಫಲಿತಾಂಶ ಬಂತು. ಐದನೇ ಪ್ರಶ್ನೆಗೆ ಗಿಣಿಗೆ ಪೂರ್ತಿ ಅಂಕ. 'ಸ್ವಂತ ಅನುಭವದಿಂದ ಬರೆದಂತಿದೆ' ಎಂದು ಮೇಡಂ ಪಕ್ಕದಲ್ಲಿ ಬರೆದಿದ್ದರು. ಆ ಹೊತ್ತಿಗೆ ಕಂಪನಿಗೆ ಇನ್ನೂ ಇಬ್ಬರು ಗಿರಾಕಿಗಳು ಸಿಕ್ಕಿದ್ದರು, ಇಬ್ಬರೂ ಪ್ಲಾನುವಿನ ದನಿಯನ್ನೇ ಕೇಳಿ ಬಂದವರು. ಗಿಣಿ ಅವರಿಗೆ ಕರಾರುಪತ್ರ ಬರೆದುಕೊಟ್ಟಳು.

ಮರುವಾರ ಅಮ್ಮನಿಗೆ ಮಂಡಿ ನೋವು ಹೆಚ್ಚಾಗಿ, ಗಿಣಿ ಅವಳನ್ನು ಅದೇ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಟೋಕನ್ ಸಂಖ್ಯೆ ಇನ್ನೂರ ಮೂವತ್ತೊಂದು. ಗಿಣಿಯ ದನಿ ಒಂದೊಂದೇ ಅಂಕಿ ಕರೆಯುತ್ತ ಸಾಗಿತು. ಜನ ಎದ್ದರು, ಹೋದರು. ಆ ದನಿ ಬೆಂಚಿನ ಈ ತುದಿಯಲ್ಲೇ ಕೂತಿದೆ ಎಂದು ಒಬ್ಬರಿಗೂ ಗೊತ್ತಿರಲಿಲ್ಲ. ಇನ್ನೂರ ಹದಿನೇಳು ಬಂದಾಗ ಮಾತ್ರ ಇಡೀ ಸಭೆ ತಲೆಯೆತ್ತಿತು.

"ಇದು ಯಾರೇ? ಎಷ್ಟು ಸ್ಪಷ್ಟವಾಗಿದೆ," ಎಂದಳು ಅಮ್ಮ.

ಯಂತ್ರ ಮತ್ತೆ ಗಿಣಿಯ ದನಿಗೆ ಹಿಂತಿರುಗಿ ಹದಿಮೂರು ಮಂದಿಯನ್ನು ಕರೆಯಿತು. ಆಮೇಲೆ ಇನ್ನೂರ ಮೂವತ್ತೊಂದು ಎಂದಿತು, ನಾಲ್ಕನೇ ಕೊಠಡಿ ಎಂದಿತು. ಅಮ್ಮ ಅಲುಗಾಡಲಿಲ್ಲ; ಎದುರಿನ ಗೋಡೆ ನೋಡುತ್ತ ಆರಾಮಾಗಿ ಕೂತೇ ಇದ್ದಳು. ಯಂತ್ರ ಎರಡನೇ ಸಲ ಕರೆಯಿತು.

"ಅಮ್ಮಾ, ನಮ್ಮದೇ. ಏಳು."

"ಹೌದಾ?" ಅಮ್ಮ ಮಂಡಿ ಹಿಡಿದುಕೊಂಡು ನಿಧಾನಕ್ಕೆ ಎದ್ದಳು. "ನಿನ್ನ ದನಿ ಕೇಳಿಸ್ತಾ ಇತ್ತು ಕಣೇ. ಮನೇಲಿ ದಿನಾ ಕೇಳೋದೇ ತಾನೆ ಅಂತ ಗಮನ ಕೊಡಲಿಲ್ಲ."