ಅಪ್ಪನ ಹೆಸರಿನ ಬಣ್ಣ

ನನ್ನ ತಮ್ಮ ಎರ್ಮೆಕ್ ಟ್ರಾಲಿಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು. ಬಿಷ್ಕೆಕ್‌ನಲ್ಲಿ, ತಲೆಯ ಮೇಲಿನ ಕರೆಂಟು ತಂತಿ ಹಿಡಿದು ಓಡುತ್ತಿದ್ದ ಆ ಬಸ್ಸುಗಳು ನಿಂತುಹೋದ ಮೇಲೆ ಟ್ಯಾಕ್ಸಿ ಓಡಿಸುತ್ತಾನೆ. ಆದರೆ ಅವನ ಕೈ ಸುಮ್ಮನಿರಬೇಕಲ್ಲ! ಮನೆಯಲ್ಲಿ ಕೆಟ್ಟದ್ದನ್ನು ಬಿಚ್ಚುತ್ತಾನೆ, ಕೆಡದೆ ಇದ್ದದ್ದನ್ನೂ ಬಿಚ್ಚುತ್ತಾನೆ. ಅಪ್ಪನ ಸಿಗರೇಟು ಬಿಡಿಸಲು ಹೊಗೆಯ ಬದಲು ಆವಿ ಎಳೆಯುವ, ಬ್ಯಾಟರಿಯ ವೇಪ್ ಒಂದನ್ನು ತಾನೇ ಮಾಡಿಕೊಡುತ್ತೇನೆಂದು ಅವನು ಹೊರಟಾಗ, ಬಿಚ್ಚಲು ಮನೆಯಲ್ಲಿ ಇನ್ನೇನೂ ಉಳಿದಿಲ್ಲವಾ ಎಂದು ನಾನು ನಕ್ಕಿದ್ದೆ.

ಅಪ್ಪ ಚಾಟಿ ಹೆಣೆಯುವವರು. ಹಿಂದೆ ಕುದುರೆ ಇದ್ದವರು ಕೊಳ್ಳುತ್ತಿದ್ದರು, ಈಗ ಕಾರು ಇರುವವರು ಕನ್ನಡಿಗೆ ತೂಗುಹಾಕಲು ಕೊಳ್ಳುತ್ತಾರೆ. ಕೊಳ್ಳುವವರು ಯಾರೇ ಆಗಲಿ, ಅಪ್ಪನ ಹೆಣಿಗೆಯಲ್ಲಿ ಗಂಟು ಎಲ್ಲಿದೆ ಎಂದು ಹುಡುಕಿದರೂ ಸಿಗದು. ತೊಗಲಿನ ಎಳೆಗಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಬಿಗಿಹಿಡಿದು ಕೂತರೆ ಅವರಿಗೆ ಊಟದ ನೆನಪೂ ಇರುತ್ತಿರಲಿಲ್ಲ. ತುಟಿಯಲ್ಲಿ ಮಾತ್ರ ಸಿಗರೇಟು ಇರಲೇಬೇಕು. ಡಾಕ್ಟರು ಶ್ವಾಸಕೋಶದ ಚಿತ್ರ ತೋರಿಸಿ ಬೈದರು. ಅಪ್ಪ ಮನೆಗೆ ಬಂದು, ಆ ಡಾಕ್ಟರಿಗೆ ಚಿತ್ರ ತೆಗೆಯಲು ಬರುವುದಿಲ್ಲ ಎಂದರು.

ಆದ್ದರಿಂದ ಎರ್ಮೆಕ್ ಓಶ್ ಬಜಾರಿನ ರೇಡಿಯೋ ಸಾಲಿಗೆ ಅಲೆಯತೊಡಗಿದ. ಅಲ್ಲೇ ಹತ್ತಿರ ನನ್ನ ಒಣಹಣ್ಣಿನ ಅಂಗಡಿ ಇರುವುದರಿಂದ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದ. ಹಿತ್ತಾಳೆಯ ಕೊಳವೆಯನ್ನು ಗೆಳೆಯನ ಲೇತಿನಲ್ಲಿ ಕೊರೆಸಿದ್ದ. ತಳಕ್ಕೆ ತಾಮ್ರದ ಬಿಲ್ಲೆ, ಒತ್ತುವ ಗುಂಡಿಗೆ ಸ್ಪ್ರಿಂಗು, ಮೇಲೆ ತಂತಿಯ ಸುರುಳಿ, ಅದರೊಳಗೆ ಪರಿಮಳದ ರಸ ಹೀರುವ ಹತ್ತಿ. ಒಂದೊಂದನ್ನೂ ಅವನು ಮದುವೆಗೆ ಹೆಣ್ಣು ನೋಡುವವನ ಹಾಗೆ ತಿರುಗಿಸಿ ತಿರುಗಿಸಿ ನೋಡಿ ಕೊಂಡ. ಬಿಸಿ ಹೆಚ್ಚಾದರೆ ತಾನೇ ಆರಿಹೋಗುವ ಒಂದು ಸಣ್ಣ ಸರ್ಕ್ಯೂಟು ಇದೆ, ಅದನ್ನೂ ಹಾಕಿಕೋ ಎಂದು ಅಂಗಡಿಯವನು ಹೇಳಿದ. ಇವನಿಗೆ ಅವಮಾನವಾದಂತಾಯಿತು. ಟ್ರಾಲಿಬಸ್ಸಿನ ತಂತಿಗಳನ್ನೇ ಪಳಗಿಸಿದವನು ಬೆರಳುದ್ದದ ಸೆಲ್ಲಿಗೆ ಹೆದರುತ್ತಾನೆಯೇ?

ಸೆಲ್ಲುಗಳಲ್ಲಿ ಎರಡು ಬಗೆ ಇದ್ದವು. ಹಸಿರು ಹೊದಿಕೆಯವು ಡ್ರಿಲ್ ಮಿಷನ್ನಿಗೆ ಹಾಕುವಂಥವು, ಕೇಳಿದ ತಕ್ಷಣ ಜೋರಾಗಿ ಕರೆಂಟು ಕೊಡುತ್ತವೆ. ನೀಲಿ ಹೊದಿಕೆಯವು ಹಳೇ ಲ್ಯಾಪ್‌ಟಾಪಿನಿಂದ ಬಿಡಿಸಿದವು, ನಿಧಾನಕ್ಕೆ ಬಹಳ ಹೊತ್ತು ಕರೆಂಟು ಕೊಡುತ್ತವೆ, ಜೋರು ಮಾಡಿದರೆ ಕಾದುಹೋಗುತ್ತವೆ. ಎರ್ಮೆಕ್ ಎರಡನ್ನೂ ಕೊಂಡ, ಹಸಿರು ಅಪ್ಪನಿಗೆ, ನೀಲಿ ಕರೆಂಟು ಹೋದಾಗ ಬೇಕಾಗುವ ಟಾರ್ಚಿಗೆ.

"ಎಜೆ, ಇದ್ರಲ್ಲಿ ಇರೋ ಬುದ್ಧಿಯೆಲ್ಲ ಸೆಲ್ ಆರಿಸೋದ್ರಲ್ಲೇ ಇದೆ," ಎಂದ ಅಕ್ಕನಾದ ನನಗೆ. "ಸರಿಯಾದ್ದು ಹಾಕಿದ್ರೆ ಆಯ್ತು, ಸರ್ಕ್ಯೂಟ್ ಯಾಕೆ?"

ಅಪ್ಪ ಮೊದಲು ಮೂಗು ಮುರಿದರು. ಸೇದಿದ ಹಾಗಿಲ್ಲ, ಜರ್ದಾಳು ಜ್ಯಾಮಿನ ಡಬ್ಬಿಗೆ ಮೂಗು ಹಾಕಿದ ಹಾಗಿದೆ ಎಂದರು. ಆದರೆ ವಾರ ಕಳೆಯುವುದರೊಳಗೆ ಸಿಗರೇಟು ಕಡಿಮೆಯಾಯಿತು, ರಾತ್ರಿಯ ಕೆಮ್ಮು ಇಳಿಯಿತು. ಎರ್ಮೆಕ್ ಸೆಲ್ಲು ಬದಲಿಸುವ ಕೆಲಸವನ್ನು ಯಾರಿಗೂ ಬಿಡುತ್ತಿರಲಿಲ್ಲ. ಖಾಲಿಯಾದದ್ದನ್ನು ತೆಗೆದು ಚಾರ್ಜಾದದ್ದನ್ನು ತಾನೇ ಹಾಕುತ್ತಿದ್ದ. ಹಸಿರು, ನೀಲಿ ಎರಡೂ ಜಗಲಿಯ ಕಿಟಕಿಯ ಕಟ್ಟೆಯ ಮೇಲೆ ಒಂದೇ ಬಟ್ಟಲಲ್ಲಿ ಇರುತ್ತಿದ್ದವು.

ಇನ್ನು ಎರ್ಮೆಕ್‌ನ ಹೆಂಡತಿ ಕನಿಶಾಯ್ ವಿಷಯ ಹೇಳಬೇಕು. ನಾರಿನ್ ಕಡೆಯ ಹುಡುಗಿ, ಬಾಯಿತುಂಬ ಮಾತು. ನಮ್ಮಲ್ಲಿ ಸೊಸೆ ಮಾವನ ಹೆಸರು ಹೇಳಬಾರದು, ಅತಾ, ಅಂದರೆ ಅಪ್ಪ, ಎನ್ನಬೇಕು. ಈಗಿನವರು ಅಷ್ಟಕ್ಕೇ ಬಿಡುತ್ತಾರೆ. ನಮ್ಮ ಅಮ್ಮ ಹಳೇ ಕಾಲದವಳು. ಹೆಸರನ್ನು ಹೋಲುವ ಮಾತೂ ಸೊಸೆಯ ಬಾಯಲ್ಲಿ ಬರಕೂಡದು ಎಂದು ಕಲಿಸಿಟ್ಟು, ಕಲಿಸಿದ್ದು ಬಿಡಿಸಲು ತಾನು ಉಳಿಯದೆ ಹೋಗಿಬಿಟ್ಟಳು. ಅಪ್ಪನ ಹೆಸರು ಜಶಿಬೆಕ್. ನಮ್ಮ ಭಾಷೆಯಲ್ಲಿ ಹಸಿರಿಗೆ ಜಶಿಲ್ ಎನ್ನುತ್ತೇವೆ. ವಯಸ್ಸಿಗೆ ಜಶ್, ಕಣ್ಣೀರಿಗೂ ಜಶ್. ಪಾಪ, ಕನಿಶಾಯ್ ಕಣ್ಣೀರನ್ನು ಕಣ್ಣಿನ ನೀರು ಎಂದಳು, ವಯಸ್ಸನ್ನು ಕಂಡ ಚಳಿಗಾಲ ಎಂದಳು. ಹಸಿರನ್ನು ಕೋಕ್ ಎಂದಳು.

ಕೋಕ್ ಎಂದರೆ ನೀಲಿ, ಆಕಾಶದ ಬಣ್ಣ. ಆದರೆ ಹುಲ್ಲನ್ನೂ ನಾವು ಕೋಕ್ ಎನ್ನುತ್ತೇವೆ, ಹಸಿರು ಚಹಾ ಎಲ್ಲರ ಬಾಯಲ್ಲೂ ಕೋಕ್ ಚಹಾವೇ. ಹಾಗಾಗಿ ಅವಳ ಮಾತು ಯಾರ ಕಿವಿಗೂ ಚುಚ್ಚಲಿಲ್ಲ. ಎರ್ಮೆಕ್‌ಗೆ ಅದು ರೂಢಿಯಾಗಿತ್ತು. ಕೋಕ್ ಅಂಗಿ ಎಂದರೆ ಹಸಿರು ಅಂಗಿ ತಂದುಕೊಡುತ್ತಿದ್ದ. ಅಪ್ಪ ಮಾತ್ರ ಸೊಸೆಯ ಶಬ್ದಗಳನ್ನು ಗಮನಿಸಿದವರಲ್ಲ. ಅವರ ಹೆಸರನ್ನು ಕಾಪಾಡಲೆಂದೇ ಅವಳು ಅಷ್ಟು ಸುತ್ತಿ ಬಳಸಿ ಮಾತಾಡುತ್ತಿದ್ದಾಳೆಂದು ಅವರಿಗೇ ತಿಳಿದಿರಲಿಲ್ಲ.

ಅವತ್ತು ಮಧ್ಯಾಹ್ನ ಎರ್ಮೆಕ್ ಟ್ಯಾಕ್ಸಿಯಲ್ಲಿ ಊರಾಚೆ ಹೋಗಿದ್ದ. ಅಪ್ಪನ ಕೊಳವೆ ಆರಿಹೋಯಿತು. ಅರ್ಧ ಹೆಣೆದ ಚಾಟಿ ಕೈಯಲ್ಲಿತ್ತು, ತುಟಿ ಬರಿದಾಗಿತ್ತು, ಸಿಡಿಮಿಡಿಗೊಂಡು ಅಂಗಳದಿಂದ ಕೂಗಿದರು. ಕನಿಶಾಯ್ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದಳು. ಇವರು ಮತ್ತೆ ಸಿಗರೇಟು ಹುಡುಕಿಬಿಟ್ಟಾರೆಂದು ಹೆದರಿ, ಮೊಣಕೈಯಿಂದಲೇ ಫೋನು ಒತ್ತಿ, ಯಾವ ಸೆಲ್ಲು ಹಾಕಬೇಕೆಂದು ಗಂಡನನ್ನು ಕೇಳಿದಳು. ಅವನು ಹಾರ್ನುಗಳ ನಡುವೆ ಸ್ಪಷ್ಟವಾಗಿಯೇ ಹೇಳಿದ, ಜಶಿಲ್ ಹಾಕಲು ಹೇಳು, ಇನ್ನೊಂದನ್ನು ಮುಟ್ಟುವುದು ಬೇಡ. ಅವಳು ಕಿಟಕಿಯಿಂದ ಅಪ್ಪನಿಗೆ ತಲುಪಿಸಿದಳು:

"ಅತಾ, ಕೋಕ್ ಇರೋದನ್ನ ಹಾಕ್ಬೇಕಂತೆ. ಇನ್ನೊಂದನ್ನ ಮುಟ್ಲೇಬಾರ್ದಂತೆ."

ಅಪ್ಪ ವಿಧೇಯರಾಗಿ ನೀಲಿಯನ್ನು ಆರಿಸಿದರು. ಹಸಿರನ್ನು ಮುಟ್ಟಲಿಲ್ಲ. ಒಂದಿಷ್ಟು ಹೊತ್ತು ಸೇದಿದರು. ಕೊಳವೆ ಬಿಸಿಯಾದಾಗ ಗುಂಡಿ ಸಿಕ್ಕಿಕೊಂಡಿರಬೇಕೆಂದುಕೊಂಡು, ಬಿಡಿಸಲು ಇನ್ನೂ ಬಿಗಿಯಾಗಿ ಹಿಡಿದರು. ಅಷ್ಟರಲ್ಲಿ ಅದು ಸಿಡಿಯಿತು.

ನಾನು ಆಸ್ಪತ್ರೆಗೆ ಓಡಿದಾಗ ಕನಿಶಾಯ್ ಹಿಟ್ಟು ಮೆತ್ತಿದ ಕೈಯಲ್ಲೇ ಮೇಜಿನ ಮುಂದೆ ನಿಂತಿದ್ದಳು. ಅಪ್ಪನನ್ನು ಒಳಗೆ ಕರೆದೊಯ್ದಿದ್ದರು. ನರ್ಸು ರೋಗಿಯ ಹೆಸರು ಕೇಳುತ್ತಿದ್ದಳು.

"ನಮ್ಮತಾ," ಎಂದಳು ಕನಿಶಾಯ್.

"ಒಳಗಿರೋ ಮುದುಕರೆಲ್ಲ ಯಾರದಾದ್ರೂ ಅತಾನೇ ಕಣಮ್ಮ. ಹೆಸರು ಹೇಳು."

ಕನಿಶಾಯ್ ನನ್ನನ್ನು ಕಂಡು ತೋಳು ಹಿಡಿದುಕೊಂಡಳು. ನಾನು ಜಶಿಬೆಕ್ ಎಂದೆ. ಹೆಸರು ಕಿವಿಗೆ ಬಿದ್ದೊಡನೆ, ಆ ಹೊತ್ತಿನಲ್ಲೂ, ಅವಳು ವಾಡಿಕೆಯಂತೆ ತಲೆ ತಗ್ಗಿಸಿದಳು.

ಎರ್ಮೆಕ್ ಬಂದವನೇ ಹೆಂಡತಿಯ ಮೇಲೆ ಹರಿಹಾಯ್ದ. ಅಷ್ಟು ಬಿಡಿಸಿ ಹೇಳಿದ್ದೆ, ಹೇಳಿದೆಯೋ ಇಲ್ಲವೋ ಎಂದು ಕೇಳಿದ. ಹೇಳಿದೆ ಎಂದಳು.

"ಏನಂತ ಹೇಳ್ದೆ?"

"ಕೋಕ್ ಅಂತ," ಎಂದಳು.

ಎರ್ಮೆಕ್ ಗೋಡೆಯ ಬದಿಗೆ ಹೋಗಿ ಕೂತ. ಹೆಂಡತಿ ಹೇಗೆ ಮಾತಾಡುತ್ತಾಳೆಂದು ಅವನಿಗೆ ತಿಳಿಯದೇ? ಆ ಸಣ್ಣ ಸರ್ಕ್ಯೂಟು ಹಾಕಿದ್ದರೆ ಇಂಥ ನೂರು ತಪ್ಪನ್ನು ಅದು ತಡೆದುಕೊಳ್ಳುತ್ತಿತ್ತು. ಅವನು ಎಲ್ಲವನ್ನೂ ಸೆಲ್ಲಿನ ಆಯ್ಕೆಯ ಮೇಲೆ ಬಿಟ್ಟ, ಆಯ್ಕೆ ಒಂದು ಶಬ್ದದ ಮೇಲೆ ನಿಂತಿತು, ಆ ಶಬ್ದವನ್ನು ನಮ್ಮ ಮನೆಯೇ ಅವಳ ಬಾಯಿಂದ ಕಿತ್ತುಕೊಂಡಿತ್ತು.

ಕಣ್ಣು ಉಳಿಯಿತು, ತುಟಿ ಮಾಯಿತು. ಬಲಗೈಯ ಹೆಬ್ಬೆರಳೂ ತೋರುಬೆರಳೂ ಹೋದವು.

ಮನೆಗೆ ಬಂದ ಮೇಲೆ ಅಪ್ಪ ಎಡಗೈಯಲ್ಲಿ ಸಿಗರೇಟು ಹಿಡಿಯಲು ಬಲುಬೇಗ ಕಲಿತರು. ಯಾರೂ ಬೇಡವೆನ್ನಲಿಲ್ಲ, ಯಾವ ಮುಖ ಇಟ್ಟುಕೊಂಡು ಅನ್ನುವುದು? ಅರ್ಧ ಹೆಣೆದ ಚಾಟಿ ಮೊಳೆಗೆ ನೇತಾಡುತ್ತಿತ್ತು. ಅದಕ್ಕಿಂತ ನನಗೆ ಸಹಿಸಲಾಗದ್ದು ಕನಿಶಾಯ್ ಮೌನ. ಅಪ್ಪನ ಎದುರು ಅವಳು ಬಾಯಿ ಬಿಡುವುದನ್ನೇ ಬಿಟ್ಟಳು. ಯಾವ ಮಾತು ಯಾರ ಕೈ ಕೀಳುವುದೋ ಎಂಬ ಭಯ. ಯಾವ ಚಹಾ ಬೇಕೆಂದು ಕೇಳದೆ, ಹಸಿರಿನದೊಂದು, ಕಪ್ಪಿನದೊಂದು, ಎರಡು ಕೆಟಲಿ ತಂದಿಟ್ಟು ಹೋಗುತ್ತಿದ್ದಳು. ಸತ್ತ ಅಮ್ಮನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಮ್ಮ ಇದ್ದಿದ್ದರೆ ಜಗಳವಾಡಬಹುದಿತ್ತು, ಈಗ ಯಾರ ಹತ್ತಿರ ಆಡಲಿ?

ಒಂದು ಸಂಜೆ ನಾನಿದ್ದಾಗಲೇ ಅವಳು ಹಾಗೆ ಕೆಟಲಿಗಳನ್ನಿಟ್ಟು ಹೊರಟಳು. ಅಪ್ಪ ಕೂರಲು ಹೇಳಿದರು. ಅವಳು ಚಾಪೆಯ ಅಂಚಿಗೆ ಕೂತಳು.

"ಬುರುಲ್ ನಂಗೆಲ್ಲ ಹೇಳಿದ್ಲು," ಎಂದು ನನ್ನ ಕಡೆ ತಲೆ ಆಡಿಸಿದರು. "ನಿನ್ನ ಅತ್ತೆ ಇಷ್ಟೆಲ್ಲ ಕಲಿಸಿದ್ಲು ಅಂತ ನಂಗೆ ಗೊತ್ತಿರ್ಲಿಲ್ಲ ಮಗಳೇ. ಒಂದೇ ಮನೇಲಿದ್ದು ಕೇಳಿಸ್ಕೊಳ್ಳದೇ ಇದ್ನಲ್ಲ, ಆ ತಪ್ಪು ನಂದು. ಅವತ್ತು ಎರ್ಮೆಕ್ ಏನಂದ? ಅವನು ಅಂದ ಹಾಗೇ ಹೇಳು."

ಅವಳು ತಲೆ ಅಲ್ಲಾಡಿಸಿದಳು.

"ಹೆಸರು ನಂದು. ಅದಕ್ಕೆ ಯಜಮಾನ ನಾನು. ನಾನೇ ಹೇಳ್ತಿದೀನಲ್ಲ, ಹೇಳು."

ಕನಿಶಾಯ್ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಕೊನೆಗೆ ವಸ್ತ್ರ ತೆಗೆದಳು.

"ಅತಾ," ಎಂದಳು, "ಜಶಿಲ್ ಇರೋದನ್ನ ಹಾಕಿ."

"ಹಾಕ್ತೀನಿ ಮಗಳೇ," ಎಂದರು ಅಪ್ಪ. "ಅದನ್ನೇ ಹಾಕ್ತೀನಿ."

ಅವಳ ತಲೆ ನೇವರಿಸಲು ಬಲಗೈ ಚಾಚಿದವರು ಅರ್ಧಕ್ಕೇ ಹಿಂದೆಗೆದುಕೊಂಡು, ಎಡಗೈ ಇಟ್ಟರು.