ನಗುವ ಪಾಳಿ, ಅಳುವ ಪಾಳಿ

ಗದಗ ಹೊಸ ಜಿಲ್ಲೆಯಾಗಿ ಇನ್ನೂ ಬೋರ್ಡುಗಳ ಬಣ್ಣ ಮಾಸಿರಲಿಲ್ಲ, ಹರ್ತಿಯ ಅಯ್ಯೂಬ ಕಾರ್ಗಿಲ್ ಯುದ್ಧದಲ್ಲಿ ತೀರಿಕೊಂಡ. ವರ್ಷದ ದಿನ ಹತ್ತಿರವಾದಂತೆ ಊರು ಎರಡು ಭಾಗವಾಯಿತು. ಗೆದ್ದು ಸತ್ತವನಿಗೆ ಹಲಗಿ, ಗುಲಾಲು, ಪೇಡೆ ಬೇಕೆಂದು ಪುಂಡಲೀಕಪ್ಪ. ಹರೆಯದ ಹುಡುಗ ಹೋದ ದಿನ ಒಲೆ ಹಚ್ಚುವುದೇ ತಪ್ಪೆಂದು ಕುಬೇರಪ್ಪ. ಇಬ್ಬರೂ ಒಂದೇ ಬಾವಿಯ ಪಾಲುದಾರರು. ಬಾವಿನೀರಿನ ಜಗಳ ಬಗೆಹರಿಸಿಕೊಂಡ ಹಾಗೆಯೇ ಇದಕ್ಕೂ ಪಾಳಿ ಹಚ್ಚಿದರು: ಮಧ್ಯಾಹ್ನದ ತನಕ ಗೆಲುವು, ಆಮೇಲೆ ದುಃಖ.

ಅಯ್ಯೂಬನ ತಾಯಿ ಜೈಬುನ್ನೀಸಾಳನ್ನು ಯಾರೂ ಕೇಳಲಿಲ್ಲ. ಮಗನನ್ನು ತನಗೆ ನೆನಪಾದ ಹಾಗೆ ಒಂದು ದಿನ ನೆನೆಯಬೇಕು ಎಂಬುದಷ್ಟೇ ಅವಳ ಆಸೆಯಾಗಿತ್ತು.

ಮುಂಜಾನೆ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕುರ್ಚಿ ಹಾಕಿ ಅವಳನ್ನು ಕೂಡಿಸಿದರು. ಹಲಗಿಯ ಸದ್ದಿಗೆ ಎಮ್ಮೆಗಳು ಕಣ್ಣಿ ಹರಿದುಕೊಂಡವು. ಬಸ್ಸು ನಿಲ್ಲುವ ಜಾಗ ಬಂದಾಗ, ರಜೆ ಮುಗಿಸಿ ಹತ್ತಿದ ಮಗನ ಬೆನ್ನು ನೆನಪಾಗಿ ಅವಳು ಬಾಯಿಗೆ ಸೆರಗು ಒತ್ತಿ ಬಿಕ್ಕಿದಳು.

"ಚಾಚಿ, ಏನ್ ಮಾಡಾಕತ್ತೀರಿ!" ಪುಂಡಲೀಕಪ್ಪ ಗಾಬರಿಯಾದ. "ಇನ್ನೂ ನಮ್ಮ ಪಾಳಿ ಐತ್ರಿ. ಕಣ್ಣೀರು ಕುಬೇರಪ್ಪನ ಪಾಲಿಂದು, ಈಗ ಬಿಡಬ್ಯಾಡ್ರಿ."

ಅವಳು ಅಳು ನುಂಗಿಕೊಂಡಳು.

ಹೊತ್ತು ನೆತ್ತಿಗೆ ಬಂತು. ಹಲಗಿ ನಿಂತಿತು, ಕುರ್ಚಿಗೆ ಕರಿ ಬಟ್ಟೆ ಬಿತ್ತು. ಕುಬೇರಪ್ಪನ ಮಂದಿ ತಲೆ ತಗ್ಗಿಸಿ ಸುತ್ತ ಕುಳಿತು, "ಯವ್ವಾ, ಈಗ ಅಳ್ರಿ" ಎಂದರು. ಆ ಮೌನದಲ್ಲಿ ಅವಳ ಕಣ್ಣೆದುರು ಬಂದವನು ಸಣ್ಣ ಅಯ್ಯೂಬ. ಮೊಹರಮ್ಮಿಗೆ ಹುಲಿವೇಷ ಹಾಕಿ ಗರ್ಜಿಸುತ್ತ ಹೋದವನು, ಓಣಿಯ ಗದಿಗೆವ್ವನ ನಾಯಿ ಗುರ್ ಎಂದದ್ದೇ ತಡ ಜೋಳದ ಕಣಿಕಿಯ ಬಣವಿ ಏರಿ, ತನ್ನ ಬಾಲ ತಾನೇ ಹಿಡಿದುಕೊಂಡು "ಅಮ್ಮೀ" ಎಂದು ಕೂಗಿದ್ದ. ತಡೆದರೂ ನಿಲ್ಲದೆ ಜೈಬುನ್ನೀಸಾ ನಕ್ಕುಬಿಟ್ಟಳು.

"ಛೇ, ಒಡ್ಡು ಒಡದಂಗಾತಲ್ಲೋ!" ಕುಬೇರಪ್ಪ ಎದ್ದವನೇ ಪುಂಡಲೀಕಪ್ಪನ ಅಂಗಿ ಹಿಡಿದ. "ನೀನ ಏನೋ ಕಣ್ಣಸನ್ನಿ ಮಾಡಿ ನಗಸೀಯಲೇ!"

"ನನ್ನ ಪಾಳ್ಯಾಗ ಅತ್ತಾರ, ನಿನ್ನ ಪಾಳ್ಯಾಗ ನಕ್ಕಾರ. ಸಮಾ ಆತು, ಕುಂಡ್ರಲೇ."

ಜೈಬುನ್ನೀಸಾ ಟ್ರೇಲರಿನಿಂದ ಇಳಿದಳು. "ಅಂವ ನಾ ಹಡದ ಮಗ, ನಿಮ್ಮ ಬಾವಿ ನೀರಲ್ಲ. ನೀವು ಮುಗಸ್ಕೊಳ್ರಿ, ನಾ ಮನಿಗೆ ಹೋಗ್ತೀನಿ."

ಅವಳು ಹೋದ ಮೇಲೂ ಜಗಳ ನಿಲ್ಲಲಿಲ್ಲ. ಖಾಲಿ ಕುರ್ಚಿಗೂ ಪಾಳಿ ಹಚ್ಚಿ, ಒಬ್ಬರು ಗುಲಾಲು ಎರಚುವುದು, ಇನ್ನೊಬ್ಬರು ಅದನ್ನು ಒರೆಸಿ ಕರಿ ಬಟ್ಟೆ ಹೊದಿಸುವುದು ನಡೆಯಿತು.

ಮನೆಯಲ್ಲಿ ಅವಳು ಒಲೆ ಹಚ್ಚಿ ರೊಟ್ಟಿ ಬಡಿಯಲು ಕುಳಿತಳು. ಮಗಳು ತಸ್ಲೀಮಳಿಗೆ ಹುಲಿಯ ಕಥೆ ಹೇಳುತ್ತ ನಕ್ಕಳು. ಕಥೆಯಲ್ಲಿ ನಾಯಿ ಬರುವಷ್ಟರಲ್ಲಿ ಅತ್ತಳು. ಹುಡುಗ ಬಣವಿ ಏರಿದಾಗ ಮತ್ತೆ ನಕ್ಕಳು.

"ಮುಂದ ಏನಾತು, ಅಮ್ಮೀ?" ಎಂದು ತಸ್ಲೀಮ ಹಿಟ್ಟಿನ ಬುಟ್ಟಿಯನ್ನು ಹತ್ತಿರ ಸರಿಸಿದಳು.